ಹಂಪನಕಟ್ಟೆಗೆ ಬಂದಿದ್ದ ಗಣಿತದ ಮಾಸ್ತರರು

ಫಳ್ನೀರ್ ರಸ್ತೆಯಲ್ಲಿ ಮಿಲಾಗ್ರಿಸ್ ಇಗರ್ಜಿಯನ್ನು ದಾಟಿ ಹಂಪನಕಟ್ಟೆಗೆ ಬಂದರೆ ವಿಶ್ವವಿದ್ಯಾನಿಲಯ ಕಾಲೇಜು ಸಿಗುತ್ತದೆ. ಅದು ಸರಕಾರಿ ಕಾಲೇಜು ಎನಿಸಿಕೊಂಡಿದ್ದ ಕಾಲದಲ್ಲಿ, 1917ರಲ್ಲಿ, ಇಪ್ಪತ್ತೈದರ ಪ್ರಾಯದ ಗಣಿತದ ಅಧ್ಯಾಪಕರೊಬ್ಬರು ಅಲ್ಲಿಗೆ ಕೆಲಸಕ್ಕೆ ಬಂದರು. ಮದ್ರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಎಂ.ಎ. ಆಗಿತ್ತು. ಸೈದಾಪೇಟೆಯ ಅಧ್ಯಾಪಕರ ಕಾಲೇಜಿನಲ್ಲಿ ಎಲ್.ಟಿ. ಆಗಿತ್ತು, ಎಲ್.ಟಿ. ಎಂದರೆ ಇಂದಿನ ನಮ್ಮ ಬಿ.ಎಡ್. ಇದ್ದ ಹಾಗೆ. ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಮಾತಾಡುವಾಗ ಅವರಿಗೆ ಉಗ್ಗು ಬರುತ್ತಿತ್ತು. ಪಾಠ ಹೇಳಿಯೇ ಬದುಕಬೇಕೆಂದು ಆಸೆಪಟ್ಟವನಿಗೆ ಇದೇನು ಸಣ್ಣ ತೊಡಕಲ್ಲ. ಮೊದಲ ಪಾಠಕ್ಕೆ ನಿಂತು ನಾಲಗೆ ಒಣಗಿದ ಅನುಭವ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಯಾರಿಗಿಲ್ಲ? ಆದರೆ ರಂಗನಾಥನ್ ತರಗತಿ ಬಿಟ್ಟು ಓಡಲಿಲ್ಲ. ಉಗ್ಗನ್ನು ವರ್ಷಗಳ ಅಭ್ಯಾಸದಿಂದ ಹಿಡಿತಕ್ಕೆ ತಂದುಕೊಂಡರು.

ಹುಟ್ಟಿದ್ದು 1892ರ ಆಗಸ್ಟಿನಲ್ಲಿ, ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಆರು ವರ್ಷವಾಗುವಷ್ಟರಲ್ಲಿ ತಂದೆ ತೀರಿಹೋದರು. ಮಂಗಳೂರಿನಲ್ಲಿ ಸುಮಾರು ಮೂರು ವರ್ಷ ಕಲಿಸಿ, ಕೊಯಮತ್ತೂರಿಗೆ, ಅಲ್ಲಿಂದ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು.

ಮದ್ರಾಸು ವಿಶ್ವವಿದ್ಯಾನಿಲಯ ತನ್ನ ಮೊದಲ ಗ್ರಂಥಪಾಲಕರನ್ನು ಹುಡುಕುತ್ತಿದ್ದಾಗ ಇವರೂ ಅರ್ಜಿ ಹಾಕಿದರು. ಗ್ರಂಥಾಲಯದ ಬಗ್ಗೆ ಅವರಿಗಿದ್ದ ಜ್ಞಾನ, ಸಂದರ್ಶನಕ್ಕೆ ಕೆಲವು ದಿನ ಮೊದಲು ವಿಶ್ವಕೋಶದಲ್ಲಿ ಓದಿಕೊಂಡ ಒಂದು ಲೇಖನದಷ್ಟು. 1924ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡು ಕೆಲವೇ ವಾರಗಳಲ್ಲಿ ಬೇಸತ್ತುಹೋದರು. ಮಕ್ಕಳಿಲ್ಲ, ಪ್ರಶ್ನೆಗಳಿಲ್ಲ, ಸುತ್ತ ಬರೀ ಕಪಾಟುಗಳು. ತನ್ನನ್ನು ಪಾಠಕ್ಕೇ ಹಿಂದೆ ಕಳುಹಿಸಿ ಎಂದು ಕೇಳಿಕೊಂಡರು. ಒಮ್ಮೆ ಲಂಡನ್ನಿಗೆ ಹೋಗಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿ ಬನ್ನಿ, ಆಮೇಲೂ ಮನಸ್ಸಾಗದಿದ್ದರೆ ಗಣಿತದ ಹುದ್ದೆ ನಿಮ್ಮದೇ ಎಂಬ ಒಪ್ಪಂದವಾಯಿತು.

ಈ ಲಂಡನ್ ಪ್ರವಾಸವನ್ನು ಬರೆಯುವವರೆಲ್ಲ ಅಂಗಡಿಯಲ್ಲಿ ಕಂಡ ಮೆಕಾನೊ ಆಟಿಕೆಯ ಕಥೆ ಹೇಳುತ್ತಾರೆ. ಬಿಡಿಭಾಗಗಳನ್ನು ಬೇರೆ ಬೇರೆ ರೀತಿ ಜೋಡಿಸಿ ಹೊಸ ಆಟಿಕೆ ಮಾಡುವ ಆ ಪೆಟ್ಟಿಗೆಯಿಂದ ಪುಸ್ತಕಗಳ ವರ್ಗೀಕರಣಕ್ಕೆ ದಾರಿ ಹೊಳೆಯಿತು, 1933ರಲ್ಲಿ ಕೋಲನ್ ವರ್ಗೀಕರಣ ಪ್ರಕಟವಾಯಿತು. ಕಥೆ ಸೊಗಸಾಗಿಯೇ ಇದೆ. ಆದರೆ ಶಿಕ್ಷಕರಾದ ನಮಗೆ ಮುಖ್ಯವಾದದ್ದು ಬೇರೆ. ಅಲ್ಲಿನ ಸಾರ್ವಜನಿಕ ಗ್ರಂಥಾಲಯಗಳನ್ನು ಅವರು ಒಂದೊಂದಾಗಿ ಹೋಗಿ ನೋಡಿದರು. ಅಲ್ಲಿ ಕಂಡದ್ದು ವಿದ್ವಾಂಸರನ್ನು ಮಾತ್ರವಲ್ಲ. ಕೂಲಿಯವರು, ಗೃಹಿಣಿಯರು, ಶಾಲೆ ಬಿಟ್ಟೊಡನೆ ಬರುವ ಮಕ್ಕಳು ಎಲ್ಲರಿಗೂ ಅಲ್ಲಿ ಜಾಗವಿತ್ತು. ಪಾಠ ಹೇಳುವುದಕ್ಕೆ ನಾಲ್ಕು ಗೋಡೆಯ ತರಗತಿಯೇ ಬೇಕೆಂದಿಲ್ಲ ಎಂಬುದು ಅವರಿಗೆ ಅಲ್ಲಿ ಮನದಟ್ಟಾಗಿರಬೇಕು. 1925ರಲ್ಲಿ ಮರಳಿದವರು ಗಣಿತದ ಹುದ್ದೆಯನ್ನು ಕೇಳಲಿಲ್ಲ. ಮದ್ರಾಸಿನ ಕಪಾಟುಗಳನ್ನು ಓದುಗರಿಗೆ ತೆರೆದಿಟ್ಟರು: ಚೀಟಿ ಬರೆದುಕೊಟ್ಟು ಕಾಯುವ ಬದಲು ಓದುಗ ತಾನೇ ಒಳಗೆ ಹೋಗಿ ಪುಸ್ತಕ ಮುಟ್ಟಿ ನೋಡಬಹುದಾಯಿತು.

1928 ಅವರಿಗೆ ಕಷ್ಟದ ವರ್ಷ. ಪತ್ನಿ ರುಕ್ಮಿಣಿ ಅಪಘಾತದಲ್ಲಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಚಿದಂಬರದ ಬಳಿಯ ಅಣ್ಣಾಮಲೈನಗರದ ಶಿಕ್ಷಣ ಸಮ್ಮೇಳನದಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಮೊದಲಬಾರಿಗೆ ಸಾರ್ವಜನಿಕವಾಗಿ ಮಂಡಿಸಿದರು. 1931ರಲ್ಲಿ ಅವು ಪುಸ್ತಕವಾದವು. ಪುಸ್ತಕ ಇರುವುದು ಬಳಕೆಗೆ, ಕಾವಲಿಗಲ್ಲ ಎಂಬಲ್ಲಿಂದ ಅವು ಹೊರಡುತ್ತವೆ. ಪ್ರತಿ ಓದುಗನಿಗೂ ಬೇಕಾದ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಓದುಗ ಸಿಗಬೇಕು, ಓದುಗನ ಹೊತ್ತು ಹಾಳಾಗಬಾರದು, ಗ್ರಂಥಾಲಯ ಬೆಳೆಯುತ್ತಲೇ ಇರಬೇಕು ಎಂದು ಮುಂದುವರಿಯುತ್ತವೆ. ಮೊದಲ ಸೂತ್ರ ಕೇಳಲು ತೀರ ಸರಳ. ಆದರೆ ನಾನು ಹಿಂದೆ ಅಭ್ಯಾಸ ಬೋಧನೆಗೆ ಹೋದ ಶಾಲೆಯೊಂದರಲ್ಲಿ ಪುಸ್ತಕದ ಕಪಾಟಿನ ಬೀಗದ ಕೈ ಯಾರ ಬಳಿ ಇದೆಯೆಂದು ತಿಳಿಯಲು ನನಗೆ ನಾಲ್ಕು ದಿನ ಹಿಡಿಯಿತು. ಪುಸ್ತಕ ಕಳೆದರೆ ತನ್ನ ಸಂಬಳದಿಂದ ಕಟ್ಟಬೇಕಾದೀತೆಂಬ ಹೆದರಿಕೆ ಆ ಅಧ್ಯಾಪಕರದು. ಅವರನ್ನು ದೂರಿ ಪ್ರಯೋಜನವಿಲ್ಲ.

ಅದೇ 1931ರಲ್ಲಿ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕ ಹೇರಿ ಹಳ್ಳಿಗಳಿಗೆ ಒಯ್ಯುವ ಏರ್ಪಾಟು ಶುರುವಾಯಿತು. ಅದಕ್ಕೆ ಹಿನ್ನೆಲೆಯಲ್ಲಿದ್ದದ್ದು ರಂಗನಾಥನ್ ಮತ್ತು ಗೆಳೆಯರು 1928ರಲ್ಲಿ ಕಟ್ಟಿದ ಮದ್ರಾಸು ಗ್ರಂಥಾಲಯ ಸಂಘದ ಚಳವಳಿ. ಆದರೆ ಗಾಡಿ ಯಾರದೋ ಔದಾರ್ಯದಿಂದ ಎಷ್ಟು ದಿನ ಓಡೀತು? ಗ್ರಂಥಾಲಯಕ್ಕೆ ಕಾನೂನಿನ ಬೆಂಬಲ ಬೇಕು, ಸ್ವಂತ ವರಮಾನ ಬೇಕು ಎಂದು ಅವರು ಹಟ ಹಿಡಿದದ್ದು ಇದಕ್ಕೇ. ಅವರ ದುಡಿಮೆಯಿಂದ 1948ರಲ್ಲಿ ಮದ್ರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿತ್ತಾದ್ದರಿಂದ ಆ ಕಾಯ್ದೆ ನಮಗೂ ಅನ್ವಯಿಸಿತು. ಮುಂದೆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ರಂಗನಾಥನ್ ಕೂಡ 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆಯೂ ಅವರದೇ ಕರಡು ಇತ್ತು. ಹೀಗೆ ಹಂಪನಕಟ್ಟೆಯಲ್ಲಿ ಮೂರು ವರ್ಷ ಪಾಠ ಹೇಳಿ ಹೋದವರು ಈ ಊರಿಗೆ ಎರಡು ಸಲ ಗ್ರಂಥಾಲಯದ ಕಾನೂನು ಕೊಟ್ಟಂತಾಯಿತು. ಇಂದು ಆಸ್ತಿ ತೆರಿಗೆಯ ಜೊತೆಗೆ ರೂಪಾಯಿಗೆ 6 ಪೈಸೆಯಂತೆ ನಾವು ಕಟ್ಟುವ ಗ್ರಂಥಾಲಯ ಕರದ ಮೂಲ ಆ ಕಾಯ್ದೆಯೇ. ರಸೀದಿಯಲ್ಲಿ ಆ ಸಾಲನ್ನು ಓದುವವರು ಕಡಿಮೆ. ಪುಸ್ತಕ ಓದುವ ಹಕ್ಕನ್ನು ಮೊದಲೇ ಕೊಂಡಾಗಿದೆ ಎಂದು ಬಲ್ಲವರು ಇನ್ನೂ ಕಡಿಮೆ.

ಬಾವುಟಗುಡ್ಡೆಯ ಗ್ರಂಥಾಲಯಕ್ಕೆ ಫಳ್ನೀರಿನಿಂದ ನಡೆದೇ ಹೋಗಬಹುದು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗಿಗೆ ಅಲ್ಲಿ ಮೇಜು ಬೇಕು, ನಿವೃತ್ತರಿಗೆ ಬೆಳಗಿನ ಪತ್ರಿಕೆ ಬೇಕು, ಫಳ್ನೀರಿನ ಆಸ್ಪತ್ರೆಗಳಲ್ಲಿ ರೋಗಿಯ ಜೊತೆ ನಿಂತವರಿಗೆ ಒಂದು ಗಂಟೆ ಕೂರಲು ಕುರ್ಚಿ ಬೇಕು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುವ ಊರು ಇದು. ಪ್ರತಿ ಓದುಗನಿಗೂ ಅವನ ಪುಸ್ತಕ ಎಂಬ ಮಾತು ಇಲ್ಲಿ ಹಗುರವಾದ ಹೊರೆಯಲ್ಲ.

1942ರಲ್ಲಿ ಅವರು ಶಾಲಾ ಕಾಲೇಜು ಗ್ರಂಥಾಲಯಗಳ ಮೇಲೆಯೇ ಒಂದು ಪುಸ್ತಕ ಬರೆದರು. 1956ರಲ್ಲಿ ತಮ್ಮ ಉಳಿತಾಯದ 1 ಲಕ್ಷ ರೂಪಾಯಿಯನ್ನು ಎರಡನೆಯ ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಕೊಟ್ಟರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆ ಕೇಂದ್ರ ತೆರೆದು ಮತ್ತೆ ಪಾಠಕ್ಕೆ ನಿಂತರು. ಗಣಿತವನ್ನೂ ಮರೆತಿರಲಿಲ್ಲ: 1967ರಲ್ಲಿ ಶ್ರೀನಿವಾಸ ರಾಮಾನುಜನ್ ಅವರ ಬಗ್ಗೆ ಒಂದು ಪುಸ್ತಕ ಬರೆದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು.