ನಂಬಿಕೆಯ ಭಂಡಾರಿ ರೈಫೈಸನ್

ಸಾಲವನ್ನು ಕುರಿತ ಸರ್ವಜ್ಞನ ತ್ರಿಪದಿಯನ್ನು ಕೇಳದ ಕನ್ನಡಿಗನು ವಿರಳ. ಸಾಲವನ್ನು ಶೂಲಕ್ಕೆ ಹೋಲಿಸಿದ ಗಾದೆಯೂ ನಮ್ಮಲ್ಲಿದೆ. ತರುವಾಗಿನ ಸುಖವೇನು, ತೀರಿಸುವಾಗಿನ ಸಂಕಟವೇನು ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಬಿತ್ತನೆಯ ಹೊತ್ತಿಗೆ ಬೀಜವಿಲ್ಲದ, ಉಳುವ ಹೊತ್ತಿಗೆ ಎತ್ತಿಲ್ಲದ ಒಕ್ಕಲಿಗನಿಗೆ ಸಾಲ ಮಾಡಬೇಡವೆಂದು ಬುದ್ಧಿ ಹೇಳಿದರೆ ಅವನ ಹೊಲವೇನೂ ಹಸುರಾಗುವುದಿಲ್ಲ. ಸಾಲವು ಶೂಲವಾಗದೆ ಊರುಗೋಲಾಗುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿಯೇ ತನ್ನ ಆಯುಷ್ಯವನ್ನು ಸವೆಸಿದ ಒಬ್ಬ ಪುರುಷನ ಚರಿತ್ರೆಯನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ. ಆತನು ಅರ್ಥಶಾಸ್ತ್ರದ ಪಂಡಿತನಲ್ಲ, ಧನಿಕನೂ ಅಲ್ಲ. ಹಳ್ಳಿಗಾಡಿನ ಒಬ್ಬ ಸಾಮಾನ್ಯ ಅಧಿಕಾರಿ. ಮೇಲಾಗಿ ಕಣ್ಣಿನ ಬೆಳಕನ್ನು ದಿನದಿನಕ್ಕೂ ಕಳೆದುಕೊಳ್ಳುತ್ತಿದ್ದವನು.

ಜರ್ಮನಿಯ ರೈನ್ ನದಿಯ ಪೂರ್ವಕ್ಕೆ ವೆಸ್ಟರ್‌ವಾಲ್ಡ್ ಎಂಬ ಗುಡ್ಡಗಾಡು ಪ್ರದೇಶವಿದೆ. ಅಲ್ಲಿ ಸೀಗ್ ನದಿಯ ದಡದ ಹಾಮ್ ಎಂಬ ಊರಿನಲ್ಲಿ 1818ರ ಮಾರ್ಚ್ 30ರಂದು ಫ್ರೀಡ್ರಿಖ್ ವಿಲ್‌ಹೆಲ್ಮ್ ರೈಫೈಸನ್ ಜನಿಸಿದನು. ಒಂಬತ್ತು ಮಕ್ಕಳಲ್ಲಿ ಆತನು ಏಳನೆಯವನು. ಬಾಲ್ಯದಲ್ಲಿಯೇ ತಂದೆಯ ಆಸರೆ ತಪ್ಪಿತು. ಸಂಸಾರದ ಭಾರವೆಲ್ಲ ತಾಯಿಯ ಮೇಲೆ ಬಿದ್ದಿತು. ಉನ್ನತ ವಿದ್ಯಾಭ್ಯಾಸಕ್ಕೆ ಹಣವೆಲ್ಲಿಯದು? ಊರಿನ ಶಾಲೆಯ ಓದು ಮುಗಿದಮೇಲೆ ಅಲ್ಲಿನ ಪಾದ್ರಿಯೇ ಹುಡುಗನಿಗೆ ಗುರುವಾಗಿ ನಿಂತನು. ತಾಯಿಯ ಶ್ರದ್ಧೆ, ಗುರುವಿನ ಧರ್ಮಬೋಧೆ ಇವೆರಡೂ ಬಾಲಕನ ಮನಸ್ಸಿನಲ್ಲಿ ಆಳವಾಗಿ ಬೇರೂರಿದವು. ನೆರೆಯವನ ಕಷ್ಟಕ್ಕೆ ಒದಗುವುದು ಕ್ರೈಸ್ತನಾದವನ ಕರ್ತವ್ಯವೆಂಬ ನಂಬಿಕೆಯನ್ನು ಆತನು ಕೊನೆಯವರೆಗೂ ಬಿಡಲಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ರೈಫೈಸನ್ನನು ಪ್ರಷ್ಯದ ಸೈನ್ಯವನ್ನು ಸೇರಿ ಫಿರಂಗಿ ದಳದಲ್ಲಿ ದುಡಿದನು. ಅಲ್ಲಿಯೇ ಮೇಲೇರುವ ಆಸೆಯಿದ್ದಿತು. ಆದರೆ ಕಣ್ಣಿನ ಬೇನೆ ಅಡ್ಡಬಂದು 1843ರಲ್ಲಿ ಸೈನ್ಯವನ್ನು ತೊರೆಯಬೇಕಾಯಿತು. ಆಡಳಿತದ ಕೆಲಸವನ್ನು ಕಲಿತು 1845ರಲ್ಲಿ ವೈಯರ್‌ಬುಷ್ ಎಂಬ ಊರಿಗೂ ಅದಕ್ಕೆ ಸೇರಿದ ಹಳ್ಳಿಗಳಿಗೂ ಆಡಳಿತಾಧಿಕಾರಿಯಾದನು. ಅದೇ ವರ್ಷ ಎಮಿಲಿ ಎಂಬಾಕೆಯೊಡನೆ ವಿವಾಹವೂ ನಡೆಯಿತು.

ಆ ಹಳ್ಳಿಗಳ ಸ್ಥಿತಿ ಕರುಣಾಜನಕವಾಗಿದ್ದಿತು. ಜರ್ಮನಿಯ ರೈತನು ಹಳೆಯ ಜಮೀನುದಾರರ ಕಟ್ಟಿನಿಂದ ಹೊಸದಾಗಿ ಬಿಡುಗಡೆ ಹೊಂದಿದ್ದನೆಂಬುದು ನಿಜ. ಆದರೆ ಆ ಬಿಡುಗಡೆಯ ಬೆಲೆಯನ್ನು ಆತನು ನಗದಾಗಿ ತೆರಬೇಕಾಗಿದ್ದಿತು. ಮಕ್ಕಳು ಮೊಮ್ಮಕ್ಕಳ ನಡುವೆ ಹಂಚಿ ಹಂಚಿ ಹೊಲಗಳು ತುಂಡುತುಂಡಾಗಿದ್ದವು. ಬ್ಯಾಂಕುಗಳಿದ್ದುದು ಪಟ್ಟಣಗಳಲ್ಲಿ, ಅವು ವರ್ತಕರಿಗಾಗಿ ಇದ್ದವೇ ಹೊರತು ಒಕ್ಕಲಿಗರಿಗಾಗಿ ಅಲ್ಲ. ಹೀಗಾಗಿ ಲೇವಾದೇವಿಯವನೇ ಗತಿ. ಹಣದ ಬಡ್ಡಿಯೊಂದೇ ಅಲ್ಲ, ದನದ ಬಡ್ಡಿಯೂ ಅಲ್ಲಿದ್ದಿತು. ವ್ಯಾಪಾರಿಯು ಹಸುವನ್ನು ರೈತನ ಕೊಟ್ಟಿಗೆಯಲ್ಲಿ ಕಟ್ಟುವನು; ಮೇವು ರೈತನದು, ಆರೈಕೆ ರೈತನದು, ಲಾಭದಲ್ಲಿ ದೊಡ್ಡ ಪಾಲು ಮಾತ್ರ ವ್ಯಾಪಾರಿಯದು. ನಮ್ಮ ಕಡೆ ದನವನ್ನು ಪಾಲಿಗೆ ಸಾಕುವ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

1846ರಲ್ಲಿ ಬೆಳೆ ಕೆಟ್ಟಿತು. ಆ ಚಳಿಗಾಲದಲ್ಲಿ ಹಳ್ಳಿಗಳನ್ನು ಹಸಿವು ಮುತ್ತಿತು. ಸರ್ಕಾರವು ಹಿಟ್ಟನ್ನೇನೋ ಕಳುಹಿಸಿತು. ಆದರೆ ನಗದು ಕೊಟ್ಟವರಿಗೆ ಮಾತ್ರ ಅದನ್ನು ಮಾರತಕ್ಕದ್ದೆಂದು ವಿಧಿಸಿತು. ನಗದಿದ್ದವರಿಗೆ ಸರ್ಕಾರದ ಹಿಟ್ಟೇಕೆ? ತರುಣ ಅಧಿಕಾರಿಯು ಅಪ್ಪಣೆಯನ್ನು ಬದಿಗೊತ್ತಿ ಬಡವರಿಗೆ ಅದನ್ನು ಕಡವಾಗಿ ಹಂಚಿದನು. ಉಳ್ಳವರಿಂದ ಹಣವನ್ನು ಕೂಡಿಸಿ ಒಂದು ನಿಧಿಯನ್ನೇರ್ಪಡಿಸಿದನು. ಧಾನ್ಯವನ್ನು ಕೊಂಡುತಂದು, ಊರಿಗೆ ಸಾಮಾನ್ಯವಾದ ಒಂದು ಒಲೆಮನೆಯನ್ನು ಕಟ್ಟಿಸಿ, ಸುಟ್ಟ ರೊಟ್ಟಿಯನ್ನು ಕಡಮೆ ಬೆಲೆಗೆ, ಬೆಳೆ ಬಂದಮೇಲೆ ತೀರಿಸುವ ಕರಾರಿನ ಮೇಲೆ ಕೊಡಿಸಿದನು. ಇದು ‘ರೊಟ್ಟಿಯ ಸಂಘ’ವೆಂದು ಪ್ರಸಿದ್ಧವಾಯಿತು. ಬಡವನಿಗೆ ನೆರವಿನಷ್ಟೇ ನಂಬಿಕೆಯೂ ಬೇಕೆಂಬ ಅರಿವು ರೈಫೈಸನ್ನನಿಗೆ ಮೂಡಿದ್ದು ಇಲ್ಲಿ. ಈ ಸಂಘವನ್ನೇ ಆತನ ಮೊದಲ ಸಹಕಾರ ಸಂಘವೆಂದು ಹೊಗಳುವವರುಂಟು. ಅದು ಸರಿಯಲ್ಲ. ಇನ್ನೂ ಅದು ಕೊಡುವವರ ಸಂಘವೇ ಆಗಿದ್ದಿತು; ಕೊಳ್ಳುವವನಿಗೆ ಅದರಲ್ಲಿ ಮಾತಿರಲಿಲ್ಲ.

1848ರಲ್ಲಿ ಆತನಿಗೆ ಫ್ಲಾಮ್ಮರ್ಸ್‌ಫೆಲ್ಡ್‌ಗೆ ವರ್ಗವಾಯಿತು. ಮರುವರ್ಷ ಅಲ್ಲಿಯ ಸುಮಾರು ಅರುವತ್ತು ಮಂದಿ ಸ್ಥಿತಿವಂತರನ್ನು ಒಪ್ಪಿಸಿ ಮತ್ತೊಂದು ಸಂಘವನ್ನು ಕಟ್ಟಿದನು. ಅವರೆಲ್ಲರೂ ಒಟ್ಟಾಗಿ ಹೊಣೆ ಹೊತ್ತು ಹೊರಗಿನಿಂದ ಸಾಲ ತರುವರು. ಆ ಹಣದಲ್ಲಿ ಹಸುಗಳನ್ನು ಕೊಂಡು ಬಡ ರೈತರಿಗೆ ಕೊಡುವರು. ರೈತರು ಐದು ವರ್ಷಗಳ ಕಂತುಗಳಲ್ಲಿ ಅದನ್ನು ತೀರಿಸುವರು. ದನದ ವ್ಯಾಪಾರಿಯ ಹಿಡಿತ ಇದರಿಂದ ಸಡಿಲವಾಯಿತು. 1852ರಲ್ಲಿ ರೈನ್ ದಡದ ನಾಯ್‌ವೀಡ್ ಪಟ್ಟಣಕ್ಕೆ ಹತ್ತಿರದ ಹೆಡ್ಡೆಸ್‌ಡಾರ್ಫ್‌ಗೆ ಬಂದಮೇಲೆ, 1854ರಲ್ಲಿ ಸ್ಥಾಪಿಸಿದ ಸಂಘದ ಗುರಿಗಳಂತೂ ಇನ್ನೂ ವಿಶಾಲವಾಗಿದ್ದವು. ಅನಾಥ ಮಕ್ಕಳ ಪಾಲನೆ, ಕೆಲಸವಿಲ್ಲದವರಿಗೆ ಕೆಲಸ, ಸೆರೆಯಿಂದ ಬಿಡುಗಡೆಯಾದವರಿಗೆ ನೆಲೆ, ರೈತರಿಗೆ ಸಾಲ ಇವೆಲ್ಲವೂ ಅದರಲ್ಲಿ ಸೇರಿದ್ದವು. ನಡುನಡುವೆ ಗುಡ್ಡದ ಹಳ್ಳಿಗಳನ್ನು ರೈನ್ ಕಣಿವೆಯ ಮಾರುಕಟ್ಟೆಗೆ ಕೂಡಿಸುವ ರಸ್ತೆಯನ್ನೂ ಆತನು ಮಾಡಿಸಿದನು. ಇಂದಿಗೂ ಅದು ಆತನ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಆದರೆ ಸಂಘವು ಬಾಡತೊಡಗಿತು. ಕಾರಣ ಸರಳವಾದುದು. ಹೊಣೆ ಹೊತ್ತವರು ಉಳ್ಳವರು, ಪ್ರಯೋಜನ ಹೊಂದುವವರು ಇಲ್ಲದವರು. ದಯೆಯ ಬುಗ್ಗೆ ಎಷ್ಟು ಕಾಲ ಉಕ್ಕೀತು? ಮೊದಲ ಉತ್ಸಾಹ ಇಳಿದಮೇಲೆ ಒಬ್ಬೊಬ್ಬರಾಗಿ ದಾನಿಗಳು ಹಿಂಜರಿದರು. ಅತ್ತ ಸಾಲ ಪಡೆದವನಿಗೂ ಸಂಘವು ತನ್ನದೆಂಬ ಅಭಿಮಾನವಿರಲಿಲ್ಲ. ದಾನಧರ್ಮವನ್ನೇ ಪರಮವೆಂದು ನಂಬಿದ್ದ ರೈಫೈಸನ್ನನಿಗೆ ಇದನ್ನು ಒಪ್ಪಿಕೊಳ್ಳುವುದು ಸುಲಭವಾಗಿರಲಿಲ್ಲ. ಹಲವು ವರ್ಷಗಳ ಅನುಭವದ ಬಳಿಕ, ಮನಸ್ಸಿಲ್ಲದ ಮನಸ್ಸಿನಿಂದ, ಆತನು ಆ ಹಾದಿಯನ್ನು ಬಿಟ್ಟನು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನ ಸಂಘವು ಸಾಲದ ಸಂಘವಾಗಿ ಹೊಸ ಜನ್ಮವನ್ನು ತಾಳಿತು. ಇನ್ನು ಮುಂದೆ ಸಾಲ ಬೇಕಾದವನು ಸ್ವತಃ ಸದಸ್ಯನಾಗಬೇಕು. ಸದಸ್ಯನಾದವನು ಹೊಣೆಯನ್ನೂ ಹೊರಬೇಕು. ಕೈಯೊಡ್ಡುವವನು ಹೆಗಲು ಕೊಡುವವನಾದನು. ರೈಫೈಸನ್ನನ ಬಾಳಿನ ನಿಜವಾದ ತಿರುವು ಇದೇ.

ಈ ಸಂಘಗಳ ಕಟ್ಟಳೆಗಳು ಕೆಲವೇ. ಆದರೆ ಒಂದೊಂದರ ಹಿಂದೆಯೂ ಮನುಷ್ಯಸ್ವಭಾವದ ಅರಿವಿದೆ. ಸಂಘದ ವ್ಯಾಪ್ತಿ ಒಂದು ಗ್ರಾಮವನ್ನೋ ಚರ್ಚಿನ ಒಂದು ವಲಯವನ್ನೋ ಮೀರಬಾರದು. ಒಬ್ಬರನ್ನೊಬ್ಬರು ಬಲ್ಲವರೇ ಅದರಲ್ಲಿರಬೇಕು. ಯಾರು ದುಡಿಯುವವನು, ಯಾರು ಕುಡಿಯುವವನು, ಯಾರ ಮಾತು ನಿಲ್ಲುವಂಥದು ಎಂಬುದನ್ನು ಪಟ್ಟಣದ ಬ್ಯಾಂಕು ಅರಿಯಲಾರದು, ನೆರೆಮನೆಯವನು ಬಲ್ಲನು. ಸಂಘದ ಸಾಲಕ್ಕೆ ಪ್ರತಿಯೊಬ್ಬ ಸದಸ್ಯನೂ ತನ್ನ ಆಸ್ತಿಯೆಲ್ಲದರಿಂದ ಹೊಣೆ. ಇದು ಭಯಂಕರವಾದ ನಿಯಮವೆನ್ನಿಸಬಹುದು. ಆದರೆ ಬಂಡವಾಳವಿಲ್ಲದವರು ಒಟ್ಟಾಗಿ ಹೊರಗಿನ ನಂಬಿಕೆಯನ್ನು ಗಳಿಸಲು ಬೇರೆ ದಾರಿಯಿರಲಿಲ್ಲ. ಮೇಲಾಗಿ, ತನ್ನ ಮನೆಯೂ ಹೋದೀತೆಂಬ ಎಚ್ಚರವಿದ್ದವನು ನೆರೆಯವನ ಸಾಲದ ಉದ್ದೇಶವನ್ನು ವಿಚಾರಿಸದೆ ಬಿಡುವುದಿಲ್ಲ. ಲಾಭವನ್ನು ಹಂಚಿಕೊಳ್ಳುವಂತಿಲ್ಲ, ಅದು ಎಂದೂ ಪಾಲಾಗದ ಮೀಸಲು ನಿಧಿಗೆ ಸೇರತಕ್ಕದ್ದು. ಬೆಳೆಯ ಗತಿಗೆ ಹೊಂದುವಂತೆ ಸಾಲದ ಅವಧಿ ದೀರ್ಘವಾಗಿರಬೇಕು.

ಕೊನೆಯದಾಗಿ, ಲೆಕ್ಕ ಬರೆಯುವವನ ಹೊರತು ಯಾವ ಪದಾಧಿಕಾರಿಗೂ ಸಂಬಳವಿಲ್ಲ. ಹಣವಿಲ್ಲದವನು ಕೂಡ ತನ್ನ ಹೊತ್ತನ್ನು ಊರಿಗೆ ಕೊಡಬಲ್ಲನು. ಸಂಜೆಯ ಎರಡು ಗಳಿಗೆ, ಒಂದು ಸಭೆ, ಒಂದು ವಿಚಾರಣೆ—ಇವೇ ಅವನ ವಂತಿಗೆ. ಸಂಘದ ಖರ್ಚು ಹಗುರಾಗಿ ಬಡ್ಡಿ ಇಳಿದದ್ದು ಈ ಬಿಟ್ಟಿ ದುಡಿಮೆಯಿಂದಲೇ.

ಸಂಘಕ್ಕೆ ನೆಲೆ ದೊರೆಯುವ ವೇಳೆಗೆ ಅದನ್ನು ಕಟ್ಟಿದವನ ಸ್ವಂತ ಬಾಳು ಕುಸಿಯುತ್ತಿದ್ದಿತು. 1863ರಲ್ಲಿ ಹೆಂಡತಿ ತೀರಿಕೊಂಡಳು. ಕಣ್ಣುಗಳು ಮತ್ತಷ್ಟು ಮಂಜಾದವು. 1865ರಲ್ಲಿ, ನಲವತ್ತೇಳರ ಹರೆಯದಲ್ಲಿ, ಅಲ್ಪ ವಿಶ್ರಾಂತಿವೇತನದ ಮೇಲೆ ಕೆಲಸದಿಂದ ನಿವೃತ್ತನಾಗಬೇಕಾಯಿತು. ಸಂಸಾರವನ್ನು ಸಾಗಿಸಲು ಮೊದಲು ಚುಟ್ಟಾ ತಯಾರಿಕೆಯನ್ನೂ ಅನಂತರ ದ್ರಾಕ್ಷಾರಸದ ವ್ಯಾಪಾರವನ್ನೂ ಕೈಕೊಂಡನು. ಸಾವಿರಾರು ಜನರಿಗೆ ಸಾಲದ ದಾರಿಯನ್ನು ತೋರಿದವನು ತನ್ನ ಜೀವನೋಪಾಯಕ್ಕಾಗಿ ಅಂಗಡಿ ತೆರೆದನು! ಆದರೂ ಮರುವರ್ಷ, 1866ರಲ್ಲಿ, ಸಾಲದ ಸಂಘಗಳನ್ನು ಕುರಿತ ಆತನ ಗ್ರಂಥವು ಹೊರಬಿದ್ದಿತು. ಆತನ ಜೀವಿತಕಾಲದಲ್ಲಿಯೇ ಅದು ಐದು ಮುದ್ರಣಗಳನ್ನು ಕಂಡಿತು. ಓದಲಾರದ, ಬರೆಯಲಾರದ ತಂದೆಗೆ ಹಿರಿಯ ಮಗಳು ಅಮಾಲಿಯೇ ಕಣ್ಣಾದಳು, ಕೈಯಾದಳು. ಮದುವೆಯನ್ನೂ ಆಗದೆ ತಂದೆಯ ಕೆಲಸಕ್ಕೆ ತನ್ನನ್ನು ಮುಡಿಪಾಗಿಸಿದ ಆ ಹೆಣ್ಣುಮಗಳ ತ್ಯಾಗವಿಲ್ಲದೆ ರೈಫೈಸನ್ನನ ಹೆಸರು ವೆಸ್ಟರ್‌ವಾಲ್ಡ್‌ನ ಗುಡ್ಡಗಳನ್ನು ದಾಟುತ್ತಿದ್ದಿತೆಂದು ಹೇಳಲಾಗದು.

ವಿರೋಧವೂ ಬಂದಿತು. ಪಟ್ಟಣದ ಕುಶಲಕರ್ಮಿಗಳಿಗಾಗಿ ಸಹಕಾರ ಬ್ಯಾಂಕುಗಳನ್ನು ಕಟ್ಟಿದ್ದ ಷುಲ್ಟ್ಸ್-ಡೆಲಿಟ್ಷ್ ಎಂಬ ನ್ಯಾಯವಾದಿಯು ರೈಫೈಸನ್ನನ ಪದ್ಧತಿಯನ್ನು ಖಂಡಿಸಿದನು. ಷೇರುಗಳಿಲ್ಲದ ಸಂಘಕ್ಕೆ ಬುನಾದಿಯಿಲ್ಲ. ಅಲ್ಪಕಾಲದ ಠೇವಣಿಗಳಿಂದ ದೀರ್ಘಕಾಲದ ಸಾಲ ಕೊಡುವುದು ಅಪಾಯ ಎಂಬುದು ಅವನ ವಾದ. ಅದು ಅರ್ಥವಿಲ್ಲದ ವಾದವಲ್ಲ. ರೈಫೈಸನ್ನನು ಕಾನೂನಿಗೆ ಮಣಿದು ಸಣ್ಣ ಷೇರುಗಳನ್ನು ಸ್ವೀಕರಿಸಿದನು. ದೀರ್ಘಾವಧಿಯ ಸಾಲವನ್ನು ಮಾತ್ರ ಬಿಡಲಿಲ್ಲ. ಒಂದೂರಿನ ಕೊರತೆಯನ್ನು ಇನ್ನೊಂದೂರಿನ ಉಳಿತಾಯದಿಂದ ತುಂಬಲು 1872ರಲ್ಲಿ ನಾಯ್‌ವೀಡ್‌ನಲ್ಲಿ ಕೇಂದ್ರ ಬ್ಯಾಂಕೊಂದನ್ನು ಸ್ಥಾಪಿಸಿದನು.

ಆತನ ಚರಿತ್ರೆಯಲ್ಲಿ ಒಂದು ಕಲೆಯೂ ಉಂಟು. ಅದನ್ನು ಮುಚ್ಚಿಟ್ಟರೆ ಸತ್ಯಕ್ಕೆ ಅಪಚಾರವಾಗುತ್ತದೆ. ಶತಮಾನಗಳ ಕಾಲ ಭೂಮಿಯಿಂದಲೂ ಅನೇಕ ಕಸುಬುಗಳಿಂದಲೂ ದೂರವಿಡಲ್ಪಟ್ಟಿದ್ದ ಯೆಹೂದ್ಯರಲ್ಲಿ ಹಲವರು ಲೇವಾದೇವಿಯನ್ನೂ ದನದ ವ್ಯಾಪಾರವನ್ನೂ ಅವಲಂಬಿಸಿದ್ದರು. ಬಡ್ಡಿಯ ಅನ್ಯಾಯವನ್ನು ಖಂಡಿಸಹೊರಟ ರೈಫೈಸನ್ನನು ಕೆಲವು ಬರಹಗಳಲ್ಲಿ ಆ ಜನಾಂಗವನ್ನೇ ದೂಷಿಸಿದನು. ನೆರೆಯವನನ್ನು ನಂಬಬೇಕೆಂದು ಬೋಧಿಸಿದವನ ಕಣ್ಣಿಗೆ ಒಬ್ಬ ನೆರೆಯವನು ನೆರೆಯವನಾಗಿ ಕಾಣಲಿಲ್ಲವೆಂಬುದು ವಿಷಾದದ ಸಂಗತಿ. ಆತನ ಎರಡನೆಯ ಜನ್ಮಶತಾಬ್ದಿಯಾದ 2018ರ ಸುಮಾರಿಗೆ ಜರ್ಮನಿಯ ವಿದ್ವಾಂಸರು ಇದನ್ನು ಬಹಿರಂಗವಾಗಿ ಚರ್ಚಿಸಿದರು.

1888ರ ಮಾರ್ಚ್ 11ರಂದು, ಎಪ್ಪತ್ತು ತುಂಬಲು ಕೆಲವೇ ದಿನಗಳಿರುವಾಗ, ರೈಫೈಸನ್ನನು ಹೆಡ್ಡೆಸ್‌ಡಾರ್ಫ್‌ನಲ್ಲಿ ಕಣ್ಮುಚ್ಚಿದನು. ಎರಡು ದಿನಗಳ ಹಿಂದೆಯಷ್ಟೇ ಚಕ್ರವರ್ತಿ ಒಂದನೆಯ ವಿಲ್‌ಹೆಲ್ಮ್ ಮರಣಹೊಂದಿದ್ದನು. ಆ ಹೊತ್ತಿಗೆ ರೈಫೈಸನ್ನನ ಸಂಘಗಳು ನಾನೂರನ್ನು ಮೀರಿದ್ದವು. ಚಕ್ರವರ್ತಿಯ ಸಾಮ್ರಾಜ್ಯ 1918ರಲ್ಲಿ ಅಳಿಯಿತು. ಹಳ್ಳಿಯ ಅಧಿಕಾರಿಯ ಸಂಘಗಳು ಉಳಿದವು.

ಆ ಸಂಘಗಳ ಸುದ್ದಿ ನಮ್ಮ ನಾಡಿಗೂ ಬಂದಿತು. ರೈತರ ಸಾಲದ ಸಮಸ್ಯೆಗೆ ಪರಿಹಾರವನ್ನರಸಿ ಮದರಾಸು ಸರ್ಕಾರವು ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ನೇಮಿಸಿತು. ಯುರೋಪಿನ ಪದ್ಧತಿಗಳನ್ನು ಅಭ್ಯಾಸ ಮಾಡಿ 1895 ಮತ್ತು 1897ರಲ್ಲಿ ಆತನು ಸಲ್ಲಿಸಿದ ವರದಿಯ ಸಾರವೆಲ್ಲ ಒಂದೇ: ಭಾರತಕ್ಕೆ ಬೇಕಾದವನು ರೈಫೈಸನ್ನನಂಥವನು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಾಗ ಗ್ರಾಮಸಂಘಗಳಿಗೆ ಅಪರಿಮಿತ ಹೊಣೆಯನ್ನೇ ವಿಧಿಸಲಾಯಿತು. ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘವನ್ನು ಸ್ಥಾಪಿಸಿದರು. ದೇಶದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಆ ಕನ್ನಡ ಹಳ್ಳಿಗೆ ಹಿರಿಯ ಸ್ಥಾನವಿದೆ.

2016ರಲ್ಲಿ ಯುನೆಸ್ಕೊ ಸಂಸ್ಥೆಯು ಸಹಕಾರ ಸಂಘದ ಕಲ್ಪನೆಯನ್ನೂ ಆಚರಣೆಯನ್ನೂ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಸ್ಟ್ರಿಯ, ಸ್ವಿಟ್ಜರ್ಲೆಂಡುಗಳ ದೊಡ್ಡ ಬ್ಯಾಂಕುಗಳು ಇಂದು ರೈಫೈಸನ್ನನ ಹೆಸರನ್ನು ಹೊತ್ತಿವೆ. ಆದರೆ ಆತನ ಸಾಧನೆಯನ್ನು ಆ ಭವನಗಳ ಎತ್ತರದಿಂದ ಅಳೆಯುವುದು ತಪ್ಪಾದೀತು. ಸಂಘದ ಚುನಾವಣೆಯು ಪಕ್ಷಗಳ ಕಾಳಗವಾಗುವ, ತೀರಿಸುವುದಕ್ಕಿಂತ ಮನ್ನಾ ಆಗುವ ದಿನವನ್ನೇ ಕಾಯುವ ಕಡೆಗಳಲ್ಲಿ ಸಂಘದ ಹೆಸರಿರುತ್ತದೆ, ಜೀವವಿರುವುದಿಲ್ಲ. ಸರ್ಕಾರದ ಹಣ ಎಷ್ಟೇ ಹರಿದುಬಂದರೂ ನೆರೆಯವನ ಸಂಕೋಚಕ್ಕೂ ನೆರೆಯವನ ಭರವಸೆಗೂ ಅದು ಬದಲಾಗಲಾರದು. ಅಡವಿಡಲು ಏನೂ ಇಲ್ಲದವನಿಗೂ ಅಡವಿಡಲು ಒಂದು ವಸ್ತುವಿದೆ, ಅದು ಅವನ ನಡತೆ. ಅದರ ಬೆಲೆಯನ್ನು ಕಟ್ಟಬಲ್ಲವರು ಅವನೊಡನೆ ಬಾಳುವವರು. ಕಣ್ಣು ಮಂಜಾದ ಮನುಷ್ಯನೊಬ್ಬನು ಕಂಡು ತೋರಿಸಿದ ಸತ್ಯವಿದು.