ಜಾನ್ ಬೌಲ್ಬಿ

ಜಾನ್ ಬೌಲ್ಬಿ (ಫೆಬ್ರವರಿ 26, 1907 – ಸೆಪ್ಟೆಂಬರ್ 2, 1990) ಬ್ರಿಟನ್ನಿನ ಮನೋವೈದ್ಯರು ಹಾಗೂ ಮನೋವಿಶ್ಲೇಷಕರು. ಶಿಶು ಮತ್ತು ಪೋಷಕರ ನಡುವಿನ ಬಾಂಧವ್ಯದ ಸಿದ್ಧಾಂತವನ್ನು ರೂಪಿಸಿದವರೆಂದು ಪ್ರಸಿದ್ಧರಾಗಿದ್ದಾರೆ. ಪರರ ನೋವಿಗೆ ಮಿಡಿಯದ ಮಕ್ಕಳ ಮನಸ್ಸನ್ನು ಅರಿಯಲು ಯತ್ನಿಸಿದ ಮೊದಲಿಗರಲ್ಲಿ ಅವರೂ ಒಬ್ಬರು.

ಬಾಲ್ಯ ಮತ್ತು ಶಿಕ್ಷಣ

ಬೌಲ್ಬಿ ಲಂಡನ್ನಿನಲ್ಲಿ ಜನಿಸಿದರು. ತಂದೆ ಸರ್ ಆಂಥೊನಿ ಬೌಲ್ಬಿ ಶಸ್ತ್ರವೈದ್ಯರಾಗಿದ್ದರು. ಅಂದಿನ ಸಿರಿವಂತ ಮನೆತನಗಳ ರೂಢಿಯಂತೆ ಬೌಲ್ಬಿ ದಾದಿಯರ ಆರೈಕೆಯಲ್ಲಿ ಬೆಳೆದರು. ಅವರು ಬಹಳ ಹಚ್ಚಿಕೊಂಡಿದ್ದ ದಾದಿಯೊಬ್ಬಳು ಅವರ ಸುಮಾರು ನಾಲ್ಕನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟು ಹೋದಳು. ಮುಂದೆ ಅವರನ್ನು ವಸತಿಶಾಲೆಗೆ ಸೇರಿಸಲಾಯಿತು.

ಕೇಂಬ್ರಿಡ್ಜಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದ ಬಳಿಕ ಅವರು ನಡವಳಿಕೆಯ ತೊಂದರೆಯುಳ್ಳ ಮಕ್ಕಳ ಶಾಲೆಯೊಂದರಲ್ಲಿ ಕೆಲಸ ಮಾಡಿದರು. ಕಳ್ಳತನದ ಕಾರಣ ಹಿಂದಿನ ಶಾಲೆಯಿಂದ ಹೊರಹಾಕಲ್ಪಟ್ಟ, ಯಾರೊಡನೆಯೂ ಬೆರೆಯದ ಹದಿಹರೆಯದ ಬಾಲಕನೊಬ್ಬನು ಅಲ್ಲಿದ್ದನು. ತಾಯಿಯ ಸ್ಥಿರವಾದ ಆಸರೆ ಅವನಿಗೆ ದೊರೆತಿರಲಿಲ್ಲ. ಈ ಅನುಭವವು ಬೌಲ್ಬಿಯವರನ್ನು ಮಕ್ಕಳ ಮನೋವೈದ್ಯಶಾಸ್ತ್ರದತ್ತ ಸೆಳೆಯಿತು.

ಬಾಲಾಪರಾಧಿಗಳ ಅಧ್ಯಯನ

1936ರಿಂದ 1939ರವರೆಗೆ ಲಂಡನ್ ಬಾಲ ಮಾರ್ಗದರ್ಶನ ಚಿಕಿತ್ಸಾಲಯದಲ್ಲಿ ಕಂಡ, ಕಳ್ಳತನದ ಅಭ್ಯಾಸವಿದ್ದ 44 ಮಕ್ಕಳ ಅಧ್ಯಯನವನ್ನು ಬೌಲ್ಬಿ 1944ರಲ್ಲಿ ಪ್ರಕಟಿಸಿದರು. ಅವರಲ್ಲಿ 14 ಮಕ್ಕಳನ್ನು ಮಮತಾಶೂನ್ಯ ಸ್ವಭಾವದವರೆಂದು ಗುರುತಿಸಿದರು. ಈ ಮಕ್ಕಳಲ್ಲಿ ಪ್ರೀತಿಯಾಗಲಿ, ತಪ್ಪಿನ ಬಗ್ಗೆ ನಾಚಿಕೆಯಾಗಲಿ ಕಾಣುತ್ತಿರಲಿಲ್ಲ. ಈ 14 ಮಂದಿಯಲ್ಲಿ 12 ಮಂದಿ ಎಳವೆಯಲ್ಲಿ ದೀರ್ಘಕಾಲ ತಾಯಿಯಿಂದ ಅಗಲಿದ್ದರು. ಉಳಿದ 30 ಮಂದಿಯಲ್ಲಿ ಅಂಥವರು ಐವರು ಮಾತ್ರ. ಹೊರಗೆ ಕಾಣುವ ಕಠೋರತೆಯ ಹಿಂದೆ ಮತ್ತೆ ನೋಯಬಾರದೆಂಬ ಆತ್ಮರಕ್ಷಣೆ ಇದೆಯೆಂದು ಬೌಲ್ಬಿ ಭಾವಿಸಿದರು.

ನಂತರದ ಕಾರ್ಯ

ಎರಡನೆಯ ಮಹಾಯುದ್ಧದ ಬಳಿಕ ಅವರು ಟ್ಯಾವಿಸ್ಟಾಕ್ ಚಿಕಿತ್ಸಾಲಯವನ್ನು ಸೇರಿದರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಸಿದ್ಧಪಡಿಸಿದ ವರದಿ 1951ರಲ್ಲಿ ಪ್ರಕಟವಾಯಿತು. ಬಾಂಧವ್ಯ ಸಿದ್ಧಾಂತವನ್ನು ವಿವರಿಸುವ ಮೂರು ಸಂಪುಟಗಳು 1969, 1973 ಮತ್ತು 1980ರಲ್ಲಿ ಹೊರಬಂದವು.

ವಿಮರ್ಶೆ ಮತ್ತು ಪ್ರಭಾವ

ಮಕ್ಕಳ ಸ್ವಭಾವವನ್ನೂ ಅವರ ಪೂರ್ವವೃತ್ತಾಂತವನ್ನೂ ಬೌಲ್ಬಿಯವರೇ ನಿರ್ಣಯಿಸಿದ್ದು ಈ ಅಧ್ಯಯನದ ದೋಷವೆಂದು ವಿಮರ್ಶಕರು ತೋರಿಸಿದರು. ತಾಯಿಯಿಂದ ಅಗಲುವುದಕ್ಕೂ ಬಾಂಧವ್ಯವೇ ಬೆಳೆಯದಿರುವುದಕ್ಕೂ ವ್ಯತ್ಯಾಸವಿದೆಯೆಂದು ಮೈಕೆಲ್ ರಟ್ಟರ್ ವಾದಿಸಿದರು. 2005ರಲ್ಲಿ ಪ್ರಕಟವಾದ ಅವಳಿ ಮಕ್ಕಳ ಅಧ್ಯಯನವೊಂದು ಇಂತಹ ಸ್ವಭಾವದಲ್ಲಿ ಅನುವಂಶೀಯತೆಯ ಪಾತ್ರ ದೊಡ್ಡದೆಂದು ತೋರಿಸಿತು. ಸಹಪಾಠಿಗಳನ್ನು ಪೀಡಿಸುವವರಲ್ಲಿ ಕೆಲವರು ಇತರರ ಭಾವನೆಗಳನ್ನು ಚೆನ್ನಾಗಿ ಗ್ರಹಿಸಬಲ್ಲರು, ಆದರೆ ಆ ನೋವನ್ನು ತಾವು ಅನುಭವಿಸಲಾರರು ಎಂಬುದೂ ಬೌಲ್ಬಿಯವರ ನಂತರದ ಸಂಶೋಧನೆಗಳಿಂದ ತಿಳಿದುಬಂದಿದೆ. ಆದರೂ ಕಠೋರ ಸ್ವಭಾವದ ಮಗುವನ್ನು ದಂಡಿಸುವ ಮೊದಲು ಅದರ ಬಾಲ್ಯವನ್ನು ವಿಚಾರಿಸುವ ಕ್ರಮ ಬಲಗೊಂಡದ್ದರಲ್ಲಿ ಬೌಲ್ಬಿಯವರ ಪಾತ್ರ ಹಿರಿದು.

ನಿಧನ

ಬೌಲ್ಬಿ ತಮ್ಮ 83ನೆಯ ವಯಸ್ಸಿನಲ್ಲಿ ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ನಿಧನರಾದರು.