ಜಾನ್ ಆಡಮ್ಸ್

ಅಮೆರಿಕವು ಇನ್ನೂ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕಾಲ. ವಸಾಹತಿನ ಜನರ ಒಪ್ಪಿಗೆಯಿಲ್ಲದೆ ಬ್ರಿಟಿಷ್ ಪಾರ್ಲಿಮೆಂಟು ಸುಂಕಗಳನ್ನು ವಿಧಿಸಿದ್ದಿತು. ಜನರನ್ನು ಹತೋಟಿಯಲ್ಲಿಡಲು ಬಾಸ್ಟನ್ ನಗರಕ್ಕೆ ಸೈನ್ಯ ಬಂದಿಳಿದಿತ್ತು. 1770ರ ಮಾರ್ಚ್ 5ರ ರಾತ್ರಿ ಸುಂಕದ ಕಚೇರಿಯ ಮುಂದೆ ಕಾವಲಿದ್ದ ಸಿಪಾಯಿಯೊಬ್ಬನನ್ನು ಗುಂಪೊಂದು ಮುತ್ತಿ, ಹಿಮದ ಉಂಡೆಗಳನ್ನೂ ಕೋಲುಗಳನ್ನೂ ಎಸೆಯತೊಡಗಿತು. ಅವನ ನೆರವಿಗೆ ಬಂದ ಸೈನಿಕರು ಗುಂಡು ಹಾರಿಸಿದರು. ಐವರು ನಾಗರಿಕರು ಅಸುನೀಗಿದರು. ಕ್ಯಾಪ್ಟನ್ ಪ್ರೆಸ್ಟನ್ ಮತ್ತು ಎಂಟು ಮಂದಿ ಸೈನಿಕರ ಮೇಲೆ ಕೊಲೆಯ ಆಪಾದನೆ ಬಂದಿತು. ಊರಿಗೆ ಊರೇ ಕೆರಳಿದ್ದಾಗ ಅವರ ಪರವಾಗಿ ವಾದಿಸಲು ವಕೀಲರು ಹಿಂಜರಿದರು. ಆ ಹೊಣೆಯನ್ನು ಹೊತ್ತವನು ಮೂವತ್ತನಾಲ್ಕು ವರ್ಷದ ಜಾನ್ ಆಡಮ್ಸ್.

ಆಡಮ್ಸನು ಬ್ರಿಟಿಷರ ಪಕ್ಷಪಾತಿಯೇನೂ ಅಲ್ಲ. ಅವನು 1735ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಬ್ರೇನ್‌ಟ್ರೀ ಎಂಬಲ್ಲಿ ಹುಟ್ಟಿದನು. ತಂದೆ ಬೇಸಾಯದ ಜೊತೆಗೆ ಪಾದರಕ್ಷೆ ಹೊಲಿಯುವ ಕೆಲಸವನ್ನೂ ಮಾಡುತ್ತಿದ್ದನು. ಹಾರ್ವರ್ಡ್ ಕಾಲೇಜಿನಲ್ಲಿ ಓದಿದ ಮಗನು ಕೆಲಕಾಲ ಉಪಾಧ್ಯಾಯನಾಗಿದ್ದು, ಅನಂತರ ವಕೀಲನಾದನು. 1765ರ ಮುದ್ರಾಂಕ ಶಾಸನವನ್ನು ಉಗ್ರವಾಗಿ ವಿರೋಧಿಸಿದವರಲ್ಲಿ ಅವನೂ ಒಬ್ಬ. ಆದರೆ ನ್ಯಾಯಾಲಯದಲ್ಲಿ ಅವನು ನೋಡಿದ್ದು ಸಾಕ್ಷ್ಯವನ್ನು ಮಾತ್ರ. ಗುಂಡು ಹಾರಿಸಲು ಕ್ಯಾಪ್ಟನ್ ಆಜ್ಞೆ ಕೊಟ್ಟನೆಂಬುದು ಸಾಬೀತಾಗಲಿಲ್ಲ, ಅವನ ಬಿಡುಗಡೆಯಾಯಿತು. ಜೀವಭಯದಲ್ಲಿ ಸಿಕ್ಕಿದವನಿಗೆ ಆತ್ಮರಕ್ಷಣೆಯ ಹಕ್ಕಿದೆಯೆಂದು ಆಡಮ್ಸನು ಸೈನಿಕರ ಪರವಾಗಿ ವಾದಿಸಿದನು. ಆರು ಮಂದಿ ನಿರ್ದೋಷಿಗಳೆಂದು ತೀರ್ಮಾನವಾಯಿತು. ಉಳಿದಿಬ್ಬರಿಗೆ ಮರಣದಂಡನೆ ತಪ್ಪಿ, ಹೆಬ್ಬೆರಳಿಗೆ ಬರೆಹಾಕಿ ಬಿಡಲಾಯಿತು. ಬಾಸ್ಟನ್ನಿನ ಜನ ಅವನನ್ನು ನಿಂದಿಸಿದರು, ನಿಜ. ಆದರೆ ಅದೇ ವರ್ಷ ಅವನನ್ನು ಪ್ರಾಂತದ ಶಾಸನಸಭೆಗೆ ಆರಿಸಿ ಕಳುಹಿಸಿದವರೂ ಅವರೇ!

1775ರಲ್ಲಿ ಸೇನಾಧಿಪತ್ಯಕ್ಕೆ ಜಾರ್ಜ್ ವಾಷಿಂಗ್ಟನ್ನನ ಹೆಸರನ್ನು ಆಡಮ್ಸನು ಸೂಚಿಸಿದನು. ಉತ್ತರದವನಾದ ತಾನು ದಕ್ಷಿಣದವನನ್ನು ಮುಂದೆ ಮಾಡಿದರೆ ವಸಾಹತುಗಳೆಲ್ಲ ಒಂದಾಗುವುವೆಂಬುದು ಅವನ ದೂರದೃಷ್ಟಿ. ಮರುವರ್ಷ ಸ್ವಾತಂತ್ರ್ಯ ಘೋಷಣೆಯನ್ನು ಬರೆದವನು ಜೆಫರ್‌ಸನ್. ಸಭೆಯಲ್ಲಿ ಅದಕ್ಕಾಗಿ ವಾದಿಸಿ ಗೆದ್ದವನು ಆಡಮ್ಸ್. ಯುದ್ಧಕಾಲದಲ್ಲಿ ಹಾಲೆಂಡಿನಿಂದ ಸಾಲವನ್ನು ದೊರಕಿಸಿದನು. 1783ರ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿಯೂ ಅವನಿದ್ದನು.

1797ರಲ್ಲಿ ಆಡಮ್ಸನು ದೇಶದ ಎರಡನೆಯ ಅಧ್ಯಕ್ಷನಾದನು. ಆಗ ಫ್ರಾನ್ಸ್ ಅಮೆರಿಕದ ವ್ಯಾಪಾರಿ ಹಡಗುಗಳನ್ನು ಹಿಡಿಯುತ್ತಿದ್ದಿತು. ಅವನ ಪಕ್ಷದ ಪ್ರಮುಖರೇ ಯುದ್ಧಕ್ಕಾಗಿ ಒತ್ತಾಯಿಸಿದರು. ಈ ಉದ್ವೇಗದ ನಡುವೆ, ಸರ್ಕಾರವನ್ನು ಟೀಕಿಸುವವರನ್ನು ಶಿಕ್ಷಿಸುವ 1798ರ ಶಾಸನಕ್ಕೆ ಅವನು ಸಹಿ ಹಾಕಿದನು. ಪತ್ರಿಕೆಯವರು ಸೆರೆಮನೆ ಸೇರಿದರು. ಶತ್ರು ಸೈನಿಕರಿಗೂ ನ್ಯಾಯ ದೊರಕಿಸಿದವನ ಬಾಳಿನಲ್ಲಿ ಇದೊಂದು ಕಪ್ಪುಚುಕ್ಕೆ. ಆದರೂ ಯುದ್ಧಕ್ಕೆ ಅವನು ಒಪ್ಪಲಿಲ್ಲ. ಸ್ವಪಕ್ಷದವರ ಕೋಪವನ್ನು ಲೆಕ್ಕಿಸದೆ ಫ್ರಾನ್ಸಿಗೆ ರಾಯಭಾರಿಗಳನ್ನು ಕಳುಹಿಸಿದನು. 1800ರಲ್ಲಿ ಒಪ್ಪಂದವಾಯಿತು. ಅಷ್ಟರಲ್ಲಿ ಪಕ್ಷ ಒಡೆದಿತ್ತು. ಆ ವರ್ಷದ ಚುನಾವಣೆಯಲ್ಲಿ ಅವನು ಜೆಫರ್‌ಸನ್ನನಿಗೆ ಸೋತು, ಹೊಲಮನೆಗೆ ಹಿಂತಿರುಗಿದನು.

ಗೆಳೆಯರಾಗಿದ್ದು ಎದುರಾಳಿಗಳಾದ ಇವರಿಬ್ಬರ ನಡುವೆ 1812ರಲ್ಲಿ ಮತ್ತೆ ಪತ್ರವ್ಯವಹಾರ ಆರಂಭವಾಗಿ, ಕೊನೆಯವರೆಗೂ ನಡೆಯಿತು. 1826ರ ಜುಲೈ 4ರಂದು, ಸ್ವಾತಂತ್ರ್ಯ ಘೋಷಣೆಯ ಐವತ್ತನೆಯ ವರ್ಷದ ದಿನವೇ, ಇಬ್ಬರೂ ಕೆಲವು ಗಂಟೆಗಳ ಅಂತರದಲ್ಲಿ ತೀರಿಕೊಂಡರು. ಆಗ ಆಡಮ್ಸನ ಹಿರಿಯ ಮಗ ಜಾನ್ ಕ್ವಿನ್ಸಿ ಆಡಮ್ಸನು ದೇಶದ ಅಧ್ಯಕ್ಷನಾಗಿದ್ದನು.